ಪೂಜೆಗೆ ಒರೆಸಿದ ಕಂಪ್ಯೂಟರ್

ಗಂಡ ತೀರಿಕೊಂಡ ಹದಿನೈದನೆಯ ದಿನ ಆಫೀಸಿಗೆ ಹೋದೆ. ಅಷ್ಟರಲ್ಲಿ ಆಯುಧಪೂಜೆ ಮುಗಿದಿತ್ತು. ನನ್ನ ಕಂಪ್ಯೂಟರಿನ ಮೇಲೆ ಒಣಗಿದ ಚೆಂಡುಹೂವು, ಕುಂಕುಮ ಇತ್ತು. ಹೆಸರು, ಪಾಸ್‌ವರ್ಡ್ ಹೊಡೆದರೆ ಈಗಷ್ಟೇ ಕೊಂಡು ತಂದ ಯಂತ್ರದ ಹಾಗೆ ಖಾಲಿ ಪರದೆ ಬಂತು. ನನ್ನ ಫೈಲು ಒಂದೂ ಇರಲಿಲ್ಲ.

ಪಕ್ಕದ ಟೇಬಲ್ಲಿನ ಹಿರಿಯ ಗುಮಾಸ್ತೆ ಎದ್ದು ಬಂದರು. "ನಿಂಗೆ ಸೂತಕ, ಪೂಜೆಗೆ ಬರೋ ಹಂಗಿಲ್ಲ. ನಿನ್ ಕಂಪ್ಯೂಟರ್ ಒಂದೇ ಕೊಳೆಯಾಗಿ ಇರಬಾರ್ದು ಅಂತ ನಾನೇ ಕ್ಲೀನ್ ಮಾಡ್ದೆ ಕಣಮ್ಮ. ಮೇಲೂ ಒರೆಸ್ದೆ, ಒಳಗಿದ್ದ ಹಳೇದನ್ನೂ ತೆಗೆದ್ಬುಟ್ಟೆ."

ನನ್ನ ಸ್ಟೇಪ್ಲರ್ ಮುಟ್ಟಿದರೂ ಜಗಳಕ್ಕೆ ನಿಲ್ಲುವವಳು ನಾನು. ಅವತ್ತು ಸಿಟ್ಟೇ ಬರಲಿಲ್ಲ. ಬರಲಿ ಎಂದು ಸ್ವಲ್ಪ ಹೊತ್ತು ಕಾದೆ ಕೂಡ.

ಕಂಪ್ಯೂಟರ್ ರಿಪೇರಿಯವರು ಕೆಸರೆ ಬಡಾವಣೆಯಿಂದ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. "ಸರ್ವರ್‌ನಲ್ಲಿ ನಿಮ್ದೊಂದು ಕಾಪಿ ಅದೆ ಮೇಡಂ. ರಜಾ ಹಾಕೋ ಹಿಂದಿನ್ ದಿನ ಎಂಗಿತ್ತೋ ಅಂಗೇ ಬತ್ತದೆ" ಎಂದರು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಅವರು ಕಾಫಿ ಕುಡಿಯುತ್ತಾ ಏನೇನೋ ಒತ್ತಿದರು.

ಹೇಳಿದ ಹಾಗೆಯೇ ಬಂತು. ಫೈಲುಗಳು ನಾನಿಟ್ಟ ಜಾಗದಲ್ಲೇ ಇದ್ದವು. ಎಲ್ಲಕ್ಕಿಂತ ಕೆಳಗೆ, ಆ ಸಂಜೆ ಕೊನೆಗೆ ಟೈಪು ಮಾಡಿದ್ದ ರಜಾ ಅರ್ಜಿ ಇತ್ತು. ತೆರೆದೆ. ‘ನನ್ನ ಪತಿಗೆ ಜ್ವರವಿರುವುದರಿಂದ ಎರಡು ದಿನ ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ.’

"ಎಲ್ಲಾ ವಾಪಸ್ ಬಂತಾ ನೋಡ್ಕಳಿ ಮೇಡಂ" ಎಂದರು ಅವರು.

ಬಂತು ಎಂದೆ.