ಅಕ್ಕನಿಗೆ ಬೇಡವಾಗಿದ್ದ ಶಕ್ತಿ

ಕಾಪುವಿನಲ್ಲಿ ಮೀನು ಮಾರುವ ನನ್ನ ಅಕ್ಕನಿಗೆ ಲೂಪಸ್ ಇದೆ. ಆ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿ ಮಿತಿಮೀರಿ ಸ್ವಂತ ಮೈಯ ಮೇಲೇ ತಿರುಗಿ ಬೀಳುತ್ತದೆ. ಅದನ್ನು ತಗ್ಗಿಸುವ ಮಾತ್ರೆ ನುಂಗುತ್ತಾ ಅವಳು ಮತ್ತೆ ಮಾರುಕಟ್ಟೆಗೆ ಹೋಗುವಷ್ಟು ಚೇತರಿಸಿಕೊಂಡಿದ್ದಳು.

ಕಾರ್ಕಳದ ಒಂದು ಮದುವೆಯಲ್ಲಿ ಭಾವನ ದೂರದ ಸಂಬಂಧಿಯೊಬ್ಬ ಅವಳ ಕೆನ್ನೆಯ ಕೆಂಪು ನೋಡಿ ಪಕ್ಕಕ್ಕೆ ಬಂದು ಕೂತ. ಗಿಡಮೂಲಿಕೆಯ ಪುಡಿ ಮಾರುವವನು.

"ಆ ಮಾತ್ರೆ ನಿಮ್ಮ ಶಕ್ತಿಯನ್ನೇ ಕೊಲ್ಲುತ್ತಾ ಉಂಟು ಅಕ್ಕ. ಅದನ್ನು ಬಿಡಿ. ಈ ಪುಡಿಯಿಂದ ಇಮ್ಯುನಿಟಿ ಹೆಚ್ಚಾಗ್ತದೆ" ಎಂದ.

ಅಕ್ಕ ನಂಬಿ, ಮಾತ್ರೆ ಬಿಟ್ಟು ಪುಡಿ ತಿನ್ನತೊಡಗಿದಳು. ನನಗೆ ತಿಳಿದದ್ದು ಅವಳ ಕಾಲು, ಮುಖ ಊದಿಕೊಂಡ ಮೇಲೆ. ಮೂತ್ರಪಿಂಡಕ್ಕೆ ಉರಿಯೂತ ಹತ್ತಿದೆ ಎಂದು ವೈದ್ಯರು ಆಸ್ಪತ್ರೆಗೆ ಸೇರಿಸಿಕೊಂಡರು.

ನಾನು ದುಡಿಯುವುದು ಮಣಿಪಾಲದ ಪ್ರಯೋಗಾಲಯವೊಂದರಲ್ಲಿ. ಘಾಸಿಗೊಂಡ ಜೀವಕೋಶ ಎಟಿಪಿ ಎಂಬ ವಸ್ತುವನ್ನು ಹೊರಚೆಲ್ಲಿ ರಕ್ಷಣಾ ಕೋಶಗಳನ್ನು ಕೆರಳಿಸುತ್ತದೆ. ಕೋಶಗಳ ಹೊರಮೈಯಲ್ಲಿರುವ ಕೆಲವು ಕಿಣ್ವಗಳು ಅದೇ ಎಟಿಪಿಯನ್ನು ಕತ್ತರಿಸಿ ಅಡಿನೋಸಿನ್ ಮಾಡುತ್ತವೆ. ಅದು ತಗುಲಿದಾಗ ಕೆರಳಿದ ಕೋಶಗಳು ಶಾಂತವಾಗುತ್ತವೆ. ನಾವು ದಿನವೂ ಅಳೆಯುವುದು ಈ ಕಿಣ್ವಗಳ ಕೆಲಸವನ್ನು. ಕಾದಾಡುವುದರಷ್ಟೇ ಜೋಪಾನವಾಗಿ ಕಾದಾಟ ನಿಲ್ಲಿಸುವುದನ್ನೂ ದೇಹ ಕಲಿತಿದೆ. ಈ ಪುಡಿ ಮಾರುವ ಮನುಷ್ಯ ಮಾತ್ರ ಊರೂರು ತಿರುಗಿ, ಶಕ್ತಿ ಹೆಚ್ಚಿಸಿ ಹೆಚ್ಚಿಸಿ ಎನ್ನುತ್ತಾನೆ.

ಅಕ್ಕ ಮನೆಗೆ ಬಂದ ವಾರವೇ ಅವನು ಬಂದ. ಕೈಯಲ್ಲಿ ಕಿತ್ತಳೆ, ಜೊತೆಗೆ ಹೊಸದೊಂದು ಡಬ್ಬಿ.

"ಲೂಪಸ್ ಅಂದ್ರೆ ಎಂತ ಅಂತ ಗೊತ್ತುಂಟಾ ನಿಮಗೆ?" ಎಂದು ಕೇಳಿದೆ.

"ರಕ್ತ ಕೆಡುವುದು ಅಲ್ವಾ?"

ನಾನು ಡಬ್ಬಿಯನ್ನು ಅವನತ್ತಲೇ ತಳ್ಳಿದೆ. ಭಾವ, "ಬಿಡು ಮಾರಾಯ್ತಿ, ಮನೆಗೆ ಬಂದವರು" ಎಂದು ಗೊಣಗಿದರು. ಅದಕ್ಕೂ ನನಗೆ ಸಿಟ್ಟೇ ಬಂತು.

ಅಕ್ಕ ಸೀರೆಯ ಅಂಚು ತುಸು ಸರಿಸಿ ಮೊಣಕಾಲ ಕೆಳಗೆ ಇನ್ನೂ ಊದಿದ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಕುಳಿ ಹಾಗೆಯೇ ಉಳಿಯಿತು.

"ನೋಡಿದಿರಲ್ಲ? ಇನ್ನು ಯಾರಿಗಾದರೂ ಮಾರುವಾಗ ಇದನ್ನೂ ಹೇಳಿ" ಎಂದಳು.

ಅವನು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದ. ತಪ್ಪಾಯಿತು ಎನ್ನಲಿಲ್ಲ. ಕಿತ್ತಳೆಯ ಕವರನ್ನು ನಾನು ಗೇಟಿನವರೆಗೆ ಹೋಗಿ ಅವನ ಸ್ಕೂಟರಿಗೆ ನೇತುಹಾಕಿ ಬಂದೆ.

ಅಕ್ಕ ಈಗ ಮಾತ್ರೆ ತಪ್ಪಿಸುವುದಿಲ್ಲ. ಮೂತ್ರಪಿಂಡ ಮೊದಲಿನಂತಾಗಿಲ್ಲ, ಆಗುವುದೂ ಇಲ್ಲವಂತೆ.