ಇಲ್ಲದ ವಾಸನೆ ಕೊಟ್ಟು ಕಾಯ್ದ ತಾಯಿ ಬನಶಂಕರಿ

ತಾಯಿಯನ್ನು ನಂಬಿ ನಡೆಯುವ ಅಕ್ಕತಂಗಿಯರೇ, ನಾನು ಬೆಟಗೇರಿಯವಳು, ಹೆಸರು ಶಾಂತಾ. ಯಜಮಾನರ ಹೆಸರು ಈರಣ್ಣ. ಇಬ್ಬರೂ ಮನೆಯಲ್ಲೇ ಮಗ್ಗದ ಮೇಲೆ ಸೀರೆ ನೇಯುತ್ತೇವೆ. ಇದನ್ನು ಗಂಡಸರ ಎದುರು ಹೇಳಲು ನನಗೆ ಈಗಲೂ ನಾಚಿಕೆ. ಆದರೆ ಗುಡಿಯಲ್ಲಿ ಸೇರುವ ಹೆಂಗಸರು ಓದಲಿ ಎಂದು ಬರೆಯುತ್ತಿದ್ದೇನೆ.

ನನ್ನ ಕಷ್ಟ ಒಂದು ವಾಸನೆಯಿಂದ ಶುರುವಾಯಿತು. ಹೋದ ವರ್ಷದ ಹಿಂದಿನ ಶ್ರಾವಣ. ನಮ್ಮದು ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯಬೇಕು. ಒಂದು ದಿನ ಮಧ್ಯಾಹ್ನ ಲಾಳಿ ಎಸೆಯುತ್ತಿದ್ದಾಗ ಕುಣಿಯೊಳಗಿಂದ ಏನೋ ಕೊಳೆತ ವಾಸನೆ ಮೂಗಿಗೆ ಬಂತು. ಮಳೆಗಾಲದ ತಂಪಿಗೆ ಇಲಿ ಸತ್ತಿರಬೇಕೆಂದು ಕುಣಿಯನ್ನೆಲ್ಲ ಬಳಿದು ಸಾರಿಸಿದೆ. ವಾಸನೆ ಹೋಗಲಿಲ್ಲ. ತಲೆಗೆ ನೀರು ಹಾಕಿಕೊಂಡು ಮಡಿ ಸೀರೆ ಉಟ್ಟು ಒಲೆಯ ಮುಂದೆ ಕೂತರೂ ಬಂತು. ರೊಟ್ಟಿ ಬಡಿಯುತ್ತ ಕೈ ನಿಂತುಹೋಯಿತು. ಆಗ ಗುರುತು ಸಿಕ್ಕಿತು. ಅದು ಡಂಬಳದಲ್ಲಿ ನನ್ನ ಅಕ್ಕ ಗಂಗವ್ವ ಸತ್ತ ಕೋಣೆಯ ವಾಸನೆ.

ಅಕ್ಕನ ವಿಷಯ ಹೇಳದೆ ಮುಂದಿನದು ತಿಳಿಯುವುದಿಲ್ಲ. ನಮ್ಮ ತವರು ಲಕ್ಷ್ಮೇಶ್ವರ. ಅಕ್ಕನನ್ನು ಡಂಬಳಕ್ಕೆ ಕೊಟ್ಟರು, ನನ್ನನ್ನು ಬೆಟಗೇರಿಗೆ. ಅವಳಿಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಗಂಡ ಮತ್ತು ಅತ್ತೆ ನೀಲವ್ವ. ಮುಟ್ಟು ನಿಂತ ಮೇಲೂ ಅಕ್ಕನಿಗೆ ಆಗಾಗ ರಕ್ತ ಕಾಣುತ್ತಿತ್ತಂತೆ. ಅತ್ತೆಗೆ ಹೇಳಿದರೆ, "ಹೆಂಗಸರ ಮೈ ಅಂದ್ರ ಹಂಗ ಇರತೈತಿ, ಉಷ್ಣ ಆಗಿರಬೇಕು" ಎಂದು ಕೊತ್ತಂಬರಿ ಬೀಜದ ಕಷಾಯ ಮಾಡಿಕೊಟ್ಟಳು. ಸೊಂಟದ ನೋವು ತಡೆಯಲಾಗದೆ ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ, ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆಗಿದೆ, ಬಹಳ ದೂರ ಹಬ್ಬಿದೆ ಎಂದರು. ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿದರು. ಸ್ವಲ್ಪ ದಿನ ಎದ್ದು ಓಡಾಡಿದಳು, ಮತ್ತೆ ಮಲಗಿದಳು.

ಕೊನೆಯ ದಿನಗಳಲ್ಲಿ ನಾನು ಅಲ್ಲೇ ಇದ್ದೆ. ಅವಳನ್ನು ಹಿತ್ತಲ ಕಡೆಯ ಕೋಣೆಯಲ್ಲಿ ಮಲಗಿಸಿದ್ದರು. ಎಷ್ಟು ಬಟ್ಟೆ ಬದಲಿಸಿದರೂ, ಎಷ್ಟು ಊದಿನಕಡ್ಡಿ ಹಚ್ಚಿದರೂ ವಾಸನೆ ತುಂಬಿರುತ್ತಿತ್ತು. ನೋಡಲು ಬಂದವರು ಹೊಸ್ತಿಲಲ್ಲೇ ನಿಂತು ಸೆರಗು ಮೂಗಿಗೆ ಹಿಡಿದು ಹೋಗುತ್ತಿದ್ದರು. ಅಕ್ಕ ಅದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ನಾನು ತಲೆ ಬಾಚಲು ಹತ್ತಿರ ಕೂತಾಗ ನನ್ನ ಕೈ ಸರಿಸಿದಳು.

"ದೂರ ಕುಂಡ್ರ ಶಾಂತೀ. ನಿನ್ನ ಸೀರಿಗೆ ಹತ್ತತೈತಿ."

"ಏನೂ ವಾಸನಿ ಬರೂದಿಲ್ಲ ಯಕ್ಕಾ."

"ಸುಳ್ಳ ಹೇಳಬ್ಯಾಡ. ಸಾಯಾಕ ನನಗ ಅಂಜಿಕಿ ಇಲ್ಲ. ಇದರಾಗ ಬಿದ್ದು ಸಾಯಬೇಕಲ್ಲಾ, ಅದಕ್ಕ ಅಳು ಬರತೈತಿ."

ಅವಳು ಹೋದ ದಿನ ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಬಂದ ಜನರೆಲ್ಲರ ಮುಂದೆ ನೀಲವ್ವನಿಗೆ ಬೆರಳು ತೋರಿಸಿ, "ನೀವ ಕೊಂದ್ರಿ ನಮ್ಮಕ್ಕನ್ನ, ಕಷಾಯ ಕುಡಿಸಿ ಕೊಂದ್ರಿ" ಎಂದು ಕೂಗಿದೆ. ಅಂದಿನಿಂದ ನಾನು ಡಂಬಳದ ಹಾದಿ ತುಳಿಯಲಿಲ್ಲ.

ಈಗ ಆ ವಾಸನೆ ಬೆಟಗೇರಿಯವರೆಗೆ ನನ್ನ ಬೆನ್ನು ಹತ್ತಿ ಬಂದಿತ್ತು. ಯಜಮಾನರನ್ನು ಕೇಳಿದೆ. ಅವರು ಕುಣಿಗೆ ಇಳಿದು ಮೂಸಿ ನೋಡಿ, "ಹೊಸ ನೂಲಿಂದು ಗಂಜಿ ವಾಸನಿ ಬಿಟ್ರ ಮತ್ತೇನೂ ಇಲ್ಲಲ್ಲ" ಎಂದರು. ನನಗೆ ಮಾತ್ರ ಬರುತ್ತಿತ್ತು. ನೀರು ತುಂಬುವಾಗ ಹಿಂದಿನಿಂದ "ಶಾಂತೀ" ಎಂದು ಕರೆದಂತಾಗುತ್ತಿತ್ತು, ತಿರುಗಿದರೆ ಯಾರೂ ಇರುತ್ತಿರಲಿಲ್ಲ. ಓಣಿಯ ಹಿರಿಯರು, ಅಕ್ಕನ ಜೀವಕ್ಕೆ ತೃಪ್ತಿ ಸಿಕ್ಕಿಲ್ಲ ಎಂದರು. ತೋಳಿಗೆ ತಾಯಿತ ಕಟ್ಟಿಸಿದರು. ತಾಯಿತ ಕಟ್ಟಿದ ತೋಳಿನಿಂದಲೂ ಅದೇ ವಾಸನೆ ಬಂತು.

ಆಮೇಲೆ ಇನ್ನೊಂದು ಯೋಚನೆ ಹೊಕ್ಕಿತು. ಇದು ಅಕ್ಕನದಲ್ಲದೆ ನನ್ನದೇ ಇದ್ದರೆ? ನನಗೆ ರಕ್ತವಿಲ್ಲ, ನೋವಿಲ್ಲ. ಆದರೂ ಅಕ್ಕನ ರೋಗವೇ ನನ್ನೊಳಗೂ ಕೂತಿದೆಯೇನೋ ಎಂದು ಒಬ್ಬಳೇ ಇದ್ದಾಗಲೆಲ್ಲ ಸೆರಗು ಮೂಸಿ ನೋಡಿಕೊಳ್ಳುತ್ತಿದ್ದೆ. ಯಾರಾದರೂ ಹತ್ತಿರ ಬಂದರೆ ಸರಿದು ಕೂರುತ್ತಿದ್ದೆ. ದವಾಖಾನೆಗೆ ಹೋಗೋಣ ಎಂದು ಯಜಮಾನರು ಎಷ್ಟು ಹೇಳಿದರೂ ಒಪ್ಪಲಿಲ್ಲ. ಡಾಕ್ಟರು ಹೌದು ಎಂದುಬಿಟ್ಟರೆ ನನಗೂ ಅಂಥದೇ ಒಂದು ಕೋಣೆ ಕಾದಿದೆ ಎಂಬ ಹೆದರಿಕೆ. ಊಟ ಸೇರದೆ ಮೈ ಇಳಿದುಹೋಯಿತು. ಮಗ್ಗದ ಮೇಲೆ ಅರ್ಧ ಸೀರೆ ಹಾಗೇ ನಿಂತಿತು.

ನವರಾತ್ರಿ ಮುಗಿದ ಮೇಲಿನ ಒಂದು ಶುಕ್ರವಾರ ನಮ್ಮ ಓಣಿಯ ಬನಶಂಕರಿ ಗುಡಿಗೆ ಹೋದೆ. ತಾಯಿಯ ಮುಂದೆ ಹೂವಿನ ಪ್ರಸಾದ ಕೇಳುವ ರೂಢಿ ನಿಮಗೆಲ್ಲ ಗೊತ್ತಿದೆ. ಬಲಗಡೆಯ ಹೂ ಬಿದ್ದರೆ ಒಳ್ಳೆಯದು, ಎಡಗಡೆಯದು ಬಿದ್ದರೆ ತಡೆ. "ತಾಯಿ, ಈ ವಾಸನೆ ನನ್ನದೋ ಅಕ್ಕನದೋ? ನಾನು ಏನು ಮಾಡಲಿ, ಯಾರ ಹತ್ತಿರ ಹೋಗಲಿ? ಯಾರ ಬಾಯಲ್ಲಾದರೂ ಹೇಳಿಸು" ಎಂದು ಕೇಳಿ ಕೈಮುಗಿದು ನಿಂತೆ. ಕಾಲು ಜೋಮು ಹಿಡಿಯುವವರೆಗೆ ನಿಂತೆ. ಯಾವ ಹೂವೂ ಬೀಳಲಿಲ್ಲ. ಪೂಜಾರಿಯಪ್ಪ, "ಮನಿಗೆ ನಡೀ ಯವ್ವಾ, ಆಕಿ ಇವತ್ತ ಮಾತಾಡೂದಿಲ್ಲ" ಎಂದರು. ದಾರಿಯುದ್ದಕ್ಕೂ ಅಳುತ್ತ ಬಂದೆ. ತಾಯಿಯೂ ಮೂಗು ಮುಚ್ಚಿಕೊಂಡು ಮುಖ ತಿರುಗಿಸಿದಳು ಎಂದೇ ತಿಳಿದೆ.

ಮುಂದಿನ ವಾರ, ಮಧ್ಯಾಹ್ನದ ಹೊತ್ತು, ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ನೀಲವ್ವ. ಬಿಸಿಲಲ್ಲಿ ನಡೆದು ಬಂದು ಮುಖ ಕಪ್ಪಿಟ್ಟಿತ್ತು. ಒಳಗೆ ಕರೆಯದೆ ಹೊಸ್ತಿಲಲ್ಲೇ ನಿಂತೆ.

"ನಾ ಒಳಗ ಬರೂದಿಲ್ಲ ಶಾಂತವ್ವ" ಎಂದಳು ಅವಳೇ. "ಒಂದ ಮಾತ ಹೇಳಿ ಹೊಳ್ಳಿ ಹೋಗತೇನಿ. ಮುಂಡರಗಿ ದವಾಖಾನ್ಯಾಗ ಹೆಂಗಸರದು ತಪಾಸಣಿ ಮಾಡಾಕತ್ತಾರ. ಗಂಗಿಗೆ ಆಗಿತ್ತಲ್ಲ, ಅದನ್ನ ಮೊದಲ ಹಿಡ್ಯೂ ತಪಾಸಣಿ. ರೊಕ್ಕ ಏನೂ ಕೇಳೂದಿಲ್ಲ. ಕೇಳಿ ಬರೂಣು ಅಂತ ನಾನ ಹೋಗಿದ್ದೆ."

"ನೀವು ಮಾಡಿಸ್ಕೊಂಡ್ರೇನು?"

"ನನಗ ವಯಸ್ಸು ಮೀರೈತಿ ಅಂದ್ರು. ಅಲ್ಲಿ ನರ್ಸ್ ಬಾಯಿ ಕೇಳಿದ್ಲು, ಅಜ್ಜೀ, ಮನ್ಯಾಗ ಮತ್ತ ಹೆಣ್ಣಮಕ್ಕಳು ಯಾರ ಅದಾರು, ಅವರನ್ನ ಕರಕೊಂಡ ಬಾ ಅಂತ." ಮುದುಕಿ ನೆಲ ನೋಡಿದಳು. "ನನ್ನ ಮನ್ಯಾಗ ಯಾರ ಅದಾರವ್ವ? ನಿನ್ನ ಹೆಸರ ಬಾಯಿಗೆ ಬಂತು. ಬೆಟಗೇರ್ಯಾಗ ಒಬ್ಬಾಕಿ ಅದಾಳು ಅಂತ ಹೇಳಿ ಬಂದೇನಿ. ನೀ ಬೈದ್ರ ಬೈ. ಆದ್ರ ಬಾ."

ಯಾರ ಬಾಯಲ್ಲಾದರೂ ಹೇಳಿಸು ಎಂದು ತಾಯಿಯನ್ನು ನಾನೇ ಕೇಳಿದ್ದೆ. ಇಡೀ ಗದಗ ಜಿಲ್ಲೆಯಲ್ಲಿ ನಾನು ಮುಖ ನೋಡಲೊಲ್ಲದ ಒಬ್ಬಳನ್ನು ಹುಡುಕಿ ನನ್ನ ಬಾಗಿಲಿಗೆ ಕಳಿಸಿದ್ದಳು. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಕೊಟ್ಟೆ. "ಕುಂಡ್ರಿ ಅತ್ತಿ" ಎಂದೆ.

ಮರುದಿನ ಬೆಳಿಗ್ಗೆ ಗದಗ ಬಸ್‌ಸ್ಟ್ಯಾಂಡಿನಿಂದ ಮುಂಡರಗಿ ಬಸ್ ಹತ್ತಿದೆವು. ರಾತ್ರಿ ಅವಳು ನಮ್ಮಲ್ಲೇ ಉಳಿದಿದ್ದಳು. ಇಬ್ಬರೂ ಆಧಾರ್ ಕಾರ್ಡ್ ತೋರಿಸಿ ಫ್ರೀ ಟಿಕೆಟು ತೆಗೆದುಕೊಂಡು ಅಕ್ಕಪಕ್ಕ ಕೂತೆವು. ಡಂಬಳದ ಕೆರೆ ಕಂಡಾಗ ನಾನು ಕಿಟಕಿಯಿಂದ ಮುಖ ತಿರುಗಿಸಿದೆ. ಆ ವಾಸನೆ ಬಸ್ಸಿನೊಳಗೆಲ್ಲ ತುಂಬಿತ್ತು. ಮುಂದೆ ಕೂತ ಹೆಂಗಸು ಮಾತ್ರ ನಿಶ್ಚಿಂತೆಯಿಂದ ಶೇಂಗಾ ಸುಲಿದು ತಿನ್ನುತ್ತಿದ್ದಳು.

ದವಾಖಾನೆಯಲ್ಲಿ ಇದ್ದದ್ದು ಹೆಣ್ಣು ಡಾಕ್ಟರ್, ಆ ಡಾಕ್ಟರ್ ಬಾಯಿ ಚಿಕ್ಕ ವಯಸ್ಸಿನವರು. ಏನು ತೊಂದರೆ ಎಂದು ಕೇಳಿದಾಗ ನಾನು ಮೊದಲು ಹೇಳಿದ್ದು, "ವಾಸನಿ ಬರತೈತ್ರಿ, ನೀವು ಮೂಗಿಗೆ ಬಟ್ಟಿ ಕಟ್ಟಿಕೊಳ್ರಿ" ಎಂದು. ಅವರು ನಕ್ಕು, ಮಲಗಿಸಿ, ಪರದೆ ಎಳೆದರು. ನೀಲವ್ವ ಪರದೆಯ ಆಚೆ ನಿಂತಳು.

"ಅಂಜಬ್ಯಾಡ್ರಿ. ಮೈ ಸಡ್ಲ ಬಿಡ್ರಿ. ಒಂದ ಔಷಧ ಹಚ್ಚತೇನಿ, ಒಂದ ನಿಮಿಷ ಕಾದು ನೋಡೂಣು."

ಗೋಬಿ ಮಂಚೂರಿ ಗಾಡಿಯ ಮುಂದೆ ಬರುವಂಥ ಹುಳಿ ವಾಸನೆ ಬಂತು. ವಿನೆಗರ್‌ನಂಥದೇ ದ್ರಾವಣ ಅದು ಎಂದು ನರ್ಸ್ ಬಾಯಿ ಹೇಳಿದಳು. ತಣ್ಣಗಾಯಿತು, ಸ್ವಲ್ಪ ಚುರುಗುಟ್ಟಿತು. ಡಾಕ್ಟರ್ ಬಾಯಿ ಬ್ಯಾಟರಿ ಹಿಡಿದು ಬಹಳ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ಬಾಗಿಲ ಕಡೆಯಿಂದ ಅಕ್ಕ "ಶಾಂತೀ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಕಣ್ಣು ಮುಚ್ಚಿ ತಾಯಿಯ ಹೆಸರು ಹೇಳುತ್ತಿದ್ದೆ.

"ವಾಸನಿ ಏನೂ ಇಲ್ಲ ನಿಮಗ" ಎಂದರು ಡಾಕ್ಟರ್ ಬಾಯಿ. "ಒಂದ ಚೂರೂ ಇಲ್ಲ. ಆದ್ರ ಗರ್ಭಕೋಶದ ಬಾಯಿ ಮ್ಯಾಲೆ ಒಂದು ಬಿಳಿ ಕಲೆ ಎದ್ದೈತಿ."

ನಾನು ಎದ್ದು ಕೂರಲು ಹೋದೆ. ಅವರೇ ನನ್ನ ಕೈ ಹಿಡಿದು ತಿಳಿಸಿದರು. ಅದು ಕ್ಯಾನ್ಸರ್ ಅಲ್ಲ. ಹಾಗೇ ಬಿಟ್ಟರೆ ವರ್ಷಗಳು ಕಳೆದ ಮೇಲೆ ಆಗಬಹುದಾದದ್ದು. ಈ ಹಂತದಲ್ಲಿ ಅದಕ್ಕೆ ನೋವಿಲ್ಲ, ರಕ್ತವಿಲ್ಲ, ವಾಸನೆಯೂ ಇಲ್ಲ, ಅದಕ್ಕೇ ಯಾರೂ ಬರುವುದಿಲ್ಲ. "ನೀವು ಯಾಕ ಬಂದ್ರೋ ದೇವರಿಗೆ ಗೊತ್ತು" ಎಂದರು.

ಅಂದೇ ಅಲ್ಲೇ ಚಿಕಿತ್ಸೆ ಮಾಡಿದರು. ಕೈಯಲ್ಲಿ ಹಿಡಿಯುವ ಒಂದು ಸಣ್ಣ ಯಂತ್ರ. ಅದರ ತುದಿ ಬಿಸಿಯಾಗಿ ಆ ಕಲೆಯನ್ನಷ್ಟೇ ಸುಡುತ್ತದೆ. ಹೊಟ್ಟೆ ಹಿಂಡಿದಂತಾಯಿತು, ಅಷ್ಟೇ. ಮುಟ್ಟಿನ ನೋವು ಅದಕ್ಕಿಂತ ಹೆಚ್ಚು. ಕೆಲವು ವಾರ ನೀರು ಹೋಗುತ್ತದೆ, ಗಾಬರಿಯಾಗಬೇಡಿ, ಗಂಡನಿಂದ ಅಷ್ಟು ದಿನ ದೂರ ಇರಿ, ವರ್ಷಕ್ಕೆ ಮತ್ತೆ ಬಂದು ತೋರಿಸಿ ಎಂದು ಹೇಳಿ ಕಳಿಸಿದರು.

ನಾನು ಸೀರೆ ಸರಿಮಾಡಿಕೊಳ್ಳುವಾಗ ನೀಲವ್ವ ಪರದೆ ಸರಿಸಿ ಬಂದು ಡಾಕ್ಟರ್ ಬಾಯಿಯನ್ನು ಕೇಳಿದಳು. "ನಮ್ಮ ಗಂಗವ್ವಗ ಇದನ್ನ ಮಾಡಿಸಿದ್ರ ಉಳೀತಿದ್ಲೇನ್ರಿ?"

ಅವರು ಗವಸು ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದರು. "ಎಷ್ಟೋ ವರ್ಷ ಮೊದಲ ಬಂದಿದ್ರ... ಉಳೀತಿದ್ರು ಅಜ್ಜೀ."

ಮುದುಕಿ ತಲೆಯಾಡಿಸಿ ಹೊರಗೆ ಹೋದಳು. ನಾನು ಬಂದು ನೋಡಿದರೆ ಕಂಪೌಂಡಿನ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಹತ್ತಿರ ಹೋದೆ.

"ನನಗ ಯಾರೂ ಹೇಳಿರಲಿಲ್ಲ ಶಾಂತವ್ವ" ಎಂದಳು. "ನಮ್ಮತ್ತಿ ನನಗ ಕೊಟ್ಟ ಕಷಾಯನ ನಾ ಆಕಿಗೆ ಕೊಟ್ಟೆ. ಈಗೂ ಹಿತ್ತಲ ಬಾಗಲಾ ತಗದ್ರ ಆಕಿ ಕರದಂಗ ಆಕ್ಕೈತಿ, ಅತ್ತೀ ನೀರು ಅಂತ."

ಅಕ್ಕ ಅವಳನ್ನೂ ಕರೆಯುತ್ತಿದ್ದಳು. ನನಗೆ ಅದು ಗೊತ್ತಿರಲಿಲ್ಲ. ಅಕ್ಕನ ಬಟ್ಟೆಗಳನ್ನು ಕೊನೆಯ ದಿನದವರೆಗೆ ಮೂಗು ಮುಚ್ಚದೆ ಒಗೆದವಳು ಈ ಮುದುಕಿಯೇ ಎಂಬುದು ಆಗ ನೆನಪಾಯಿತು. ಆ ಗೋಡೆಯ ಹತ್ತಿರ ಇಬ್ಬರೂ ಕೈ ಹಿಡಿದುಕೊಂಡು ಅತ್ತೆವು. ಅಕ್ಕ ಹೋದಾಗ ನಾವು ಹೀಗೆ ಕೂಡಿ ಅತ್ತಿರಲಿಲ್ಲ. ಹಿಂದಿರುಗುವಾಗ ಅವಳ ಜೊತೆ ಡಂಬಳದಲ್ಲಿ ಇಳಿದೆ. ಆ ಕೋಣೆಯಲ್ಲಿ ಈಗ ಹೆಸರುಕಾಳು ತುಂಬಿದ ಚೀಲಗಳನ್ನಿಟ್ಟಿದ್ದರು. ಅವುಗಳ ಮಧ್ಯೆ ಸ್ವಲ್ಪ ಹೊತ್ತು ಕೂತು ಬಂದೆ.

ವಾಸನೆ ಎಂದು ಹೋಯಿತೋ ಗೊತ್ತಾಗಲಿಲ್ಲ. ಒಂದು ದಿನ ನೇಯುವಾಗ, ಬರುತ್ತಿಲ್ಲವಲ್ಲ ಎಂದು ನೆನಪಾಯಿತು. ಸಂತೋಷವಾಗಬೇಕಿತ್ತು. ಅಕ್ಕ ಎರಡನೇ ಸಲ ಹೋದಂತಾಗಿ ಮಗ್ಗದ ಮೇಲೆ ತಲೆಯಿಟ್ಟು ಅತ್ತೆ.

ವರ್ಷ ತುಂಬಿದ ಮೇಲೆ ಮುಂಡರಗಿಗೆ ಹೋಗಿ ಮತ್ತೆ ತೋರಿಸಿದೆ. ಅದೇ ಹುಳಿ ಔಷಧ ಹಚ್ಚಿ ನೋಡಿದರು. ಕಲೆ ಇರಲಿಲ್ಲ. ಈಗ ನಮ್ಮ ಓಣಿಯ ಹೆಂಗಸರು ಗುಡಿಯ ಕಟ್ಟೆಯ ಮೇಲೆ ನನ್ನನ್ನು ಮೆಲ್ಲಗೆ ಕೇಳುತ್ತಾರೆ, "ನೋವಾಕ್ಕೈತೇನ ಅಕ್ಕಾ? ಗಂಡಸರ ಇರತಾರೇನು?" ಎಂದು. ಗದಗಿಗೆ, ಶಿರಹಟ್ಟಿಗೆ, ಯಾರಿಗೆ ಎಲ್ಲಿ ಹತ್ತಿರವೋ ಅಲ್ಲಿಗೆ ವಿಚಾರಿಸಿ ಜೊತೆಗೆ ಹೋಗುತ್ತೇನೆ. ಲಕ್ಷ್ಮೇಶ್ವರದ ನನ್ನ ವೈನಿ, ಅಣ್ಣನ ಹೆಂಡತಿ, ಅವಳೂ ತೋರಿಸಿಕೊಂಡು ಬಂದಳು, ಏನೂ ಇಲ್ಲ ಎಂದರು.

ತಾಯಿ ನನ್ನನ್ನು ಕಾಯ್ದಳು. ಇಲ್ಲದ ವಾಸನೆಯನ್ನು ಮೂಗಿಗೆ ಕೊಟ್ಟು, ನಾನು ದೂರವಿಟ್ಟವಳ ಕೈಯಲ್ಲಿ ನನ್ನ ಕೈಯಿಟ್ಟು ಕರೆದೊಯ್ದಳು. ಇದರಲ್ಲಿ ನನಗೆ ಸಂಶಯವೇ ಇಲ್ಲ. ಆದರೆ ನಂಬಿದವರ ಮುಂದೆ ಮುಚ್ಚಿಡಬಾರದು, ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಪ್ರತಿ ಶುಕ್ರವಾರ ಆರತಿಯಾದ ಮೇಲೆ ಅವಳ ಮುಂದೆ ನಿಂತು ಕೇಳುತ್ತೇನೆ, "ನನಗೆ ಕೊಟ್ಟದ್ದನ್ನು ನಮ್ಮಕ್ಕನಿಗೆ ಯಾಕೆ ಕೊಡಲಿಲ್ಲ ತಾಯಿ? ಅವಳೂ ನಿನಗೆ ದೀಪ ಹಚ್ಚುತ್ತಿದ್ದಳಲ್ಲ?" ಅವಳು ಉತ್ತರ ಹೇಳಿಲ್ಲ. ಹೇಳುವವರೆಗೆ ಕೇಳುತ್ತೇನೆ. ಇಂಥ ಪ್ರಶ್ನೆಯನ್ನು ನಾನು ಬೇರೆ ಯಾರ ಮುಂದೆ ನಿಂತು ಕೇಳಲಿ? ನನಗಿರುವವಳು ಅವಳೊಬ್ಬಳೇ, ಮತ್ತು ನಾನು ಕೇಳುವಷ್ಟು ಹೊತ್ತೂ ಅವಳ ಕಣ್ಣು ನನ್ನ ಮೇಲೇ ಇರುತ್ತದೆ.