ದೃಷ್ಟಿ ತಾಗದಿರಲೆಂದು ಹಾಕಿಸಿದ ಸ್ಕ್ರೂ

ಮೊದಲ ಮಳೆಗೇ ಸೋರಿದ ನಮ್ಮ ಹೊಸ ಗಾಲಿಮನೆ, ಕ್ಯಾರವಾನ್, ಅಲ್ ಖರ್ಜ್ ರಸ್ತೆಯ ವರ್ಕ್‌ಶಾಪಿನಲ್ಲಿ ನಿಂತಿದೆ. ಪಕ್ಕದಲ್ಲಿ ನಾದಿನಿ ಝೊಹರಾಳದ್ದು. ಅದೇ ಮಾದರಿ, ಅದೇ ಸೋರಿಕೆ. ಅವಳದ್ದನ್ನು ವಾರಂಟಿಯಲ್ಲಿ ರಿಪೇರಿಗೆ ಒಪ್ಪಿಕೊಂಡರು.

ನಮ್ಮ ಬಾಗಿಲ ಮೇಲಿನ ಸ್ಕ್ರೂಗಳನ್ನು ತೋರಿಸಿ ಹೈದರಾಬಾದ್ ಕಡೆಯ ಸೂಪರ್‌ವೈಸರ್ ಆಗುವುದಿಲ್ಲ ಎಂದು ತಲೆಯಾಡಿಸಿದ. "ಕೊರೆದವರು ನೀವೇ ಅಲ್ವಾ ಭಾಭಿ? ತೂತು ಮಾಡಿದರೆ ವಾರಂಟಿ ಇಲ್ಲ."

ದೃಷ್ಟಿ ತಾಗದಿರಲೆಂದು ನಾನೇ ಹಟ ಹಿಡಿದು ಹಾಕಿಸಿದ 'ಮಾಶಾ ಅಲ್ಲಾಹ್' ಫಲಕದ ಸ್ಕ್ರೂಗಳವು.

"ಎಂತ ಅತ್ತಿಗೆ, ನನ್ನ ಹಾಗೆ ಸ್ಟಿಕ್ಕರ್ ಅಂಟಿಸಿದ್ರೆ ಸಾಕಿತ್ತಲ್ಲ?" ಎಂದು ಝೊಹರಾ ನಕ್ಕಳು.

ಹಾಸಿಗೆಯಾದರೂ ಒದ್ದೆಯಾಗಲಿಲ್ಲ, ಅಲ್ಹಮ್ದುಲಿಲ್ಲಾಹ್ ಎಂದುಕೊಂಡೆ. ಅಷ್ಟರಲ್ಲಿ ಅವಳ ಕ್ಯಾರವಾನನ್ನು ಒಳಗೆ ಎಳೆದೊಯ್ದರು. ಶೆಡ್ಡಿನ ಬಾಗಿಲು ಮುಚ್ಚುವವರೆಗೂ ನಾನು ಅದನ್ನೇ ನೋಡುತ್ತಿದ್ದೆ. ನನ್ನ ದೃಷ್ಟಿ ಅದಕ್ಕೆ ತಾಗದಿರಲೆಂದು 'ಮಾಶಾ ಅಲ್ಲಾಹ್' ಎನ್ನಲು ಮಾತ್ರ ನಾಲಿಗೆ ಹೊರಳಲಿಲ್ಲ.